ಹುಳುವಿಗೆ ಗಾಳಿ, ಕರುವಿಗೆ ಟಾರ್ಪಾಲು

ರೇಷ್ಮೆ ಸಾಕುವವರಿಗೆ ‘ಜ್ವರ’ ಎಂದರೆ ಭಯವಿಲ್ಲ. ಹುಳು ಪೊರೆ ಬಿಡುವ ಮುನ್ನ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದಲ್ಲ, ಅದನ್ನೇ ನಾವು ಜ್ವರಕ್ಕೆ ಕೂತಿತು ಎನ್ನುತ್ತೇವೆ. ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದರೆ ಅರ್ಧ ಬೆಳೆ ಕೈಗೆ ಬಂದಂತೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನಲ್ಲಿ ಬೆಳಿಗ್ಗೆ ಎದುರಾದವರು "ಜ್ವರ ಎದ್ದವೇ?" ಎಂದು ಕೇಳಿದರೆ ಅದು ಹುಳುವಿನ ಮಾತು, ಮನೆಯವರ ಆರೋಗ್ಯದ ವಿಚಾರಣೆಯಲ್ಲ. ಇಂಥ ಮನೆಯ ಕೊಟ್ಟಿಗೆಯಲ್ಲಿ ಕಳೆದ ಚಳಿಗಾಲ ಒಂದು ಕರು ನಿಜವಾದ ಜ್ವರದಲ್ಲಿ ಎರಡು ವಾರ ಬೆಂದಿತು. ನಮಗೆ ತಿಳಿದದ್ದು ಅದು ಸತ್ತ ಮೇಲೆ.

ನಮ್ಮಲ್ಲಿ ನಾಲ್ಕು ಮಿಶ್ರತಳಿ ಹಸುಗಳಿವೆ. ಹುಳು ಮನೆ ನಮ್ಮ ಯಜಮಾನರದ್ದು, ಕೊಟ್ಟಿಗೆ ನನ್ನದು ಮತ್ತು ಅತ್ತೆಯದು. ಅವರೆಕಾಯಿ ಸೊಗಡು ಊರಿಗೆಲ್ಲ ಹರಡುವ ಡಿಸೆಂಬರ್ ಹೊತ್ತಿಗೆ ಎರಡು ಕರುಗಳಿದ್ದವು. ಒಂದು ಐವತ್ತು ದಿನದ ಹೋರಿಗರು, ಇನ್ನೊಂದು ಐದು ವಾರದ ಹೆಣ್ಣು. ಹೆಣ್ಣಿಗೆ ಹುಟ್ಟಿದ ದಿನವೇ ಅತ್ತೆ ಬೆಳ್ಳಿ ಎಂದು ಹೆಸರಿಟ್ಟಿದ್ದರು. ಹೋರಿಗೆ ಯಾರೂ ಹೆಸರಿಡಲಿಲ್ಲ. ನನ್ನ ಮಗ ಮಾತ್ರ ಗುಂಡ ಎಂದು ಕರೆಯುತ್ತಿದ್ದ. ಅದಕ್ಕೆ ಹಾಲೂ ಅಷ್ಟಕ್ಕಷ್ಟೇ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಸೀಮೆ ಹಸುವಿನ ಗಂಡುಗರು ಯಾರಿಗೆ ಬೇಕು? ಡೇರಿಗೆ ಹಾಕುವ ಹಾಲಿನಲ್ಲಿ ಕಳೆದು ಅದಕ್ಕೆ ಕುಡಿಸಬೇಕು ಎಂಬ ಲೆಕ್ಕ ಪ್ರತಿ ಮನೆಯಲ್ಲೂ ಇದೆ. ಬಾಯಿ ಬಿಟ್ಟು ಹೇಳುವವರು ಕಡಿಮೆ. ನಾನು ಹೇಳುತ್ತಿದ್ದೇನೆ, ಏಕೆಂದರೆ ಉಳಿದದ್ದೆಲ್ಲ ಅಲ್ಲಿಂದಲೇ ಶುರುವಾಯಿತು.

ಆ ತಿಂಗಳು ಚಳಿ ಜೋರಾಗಿತ್ತು. ಬೆಳಗಿನ ಮಂಜಿಗೆ ಹಿಪ್ಪುನೇರಳೆ ತೋಟ ಕಾಣುತ್ತಿರಲಿಲ್ಲ. ಕರುಗಳಿಗೆ ಥಂಡಿ ತಗುಲದಿರಲಿ ಎಂದು ಕೊಟ್ಟಿಗೆಯ ಮೂಲೆಗೆ ನೀಲಿ ಟಾರ್ಪಾಲು ಕಟ್ಟಿ, ಕಿಂಡಿಗೆ ಗೋಣಿಚೀಲ ತುರುಕಿ, ಸಂಜೆ ಸೊಳ್ಳೆಗೆಂದು ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದೆವು. ಒಳಗೆ ಬೆಚ್ಚಗಿತ್ತು. ಬೆಳಿಗ್ಗೆ ಟಾರ್ಪಾಲು ಸರಿಸಿದರೆ ಗಂಜಲದ ಘಾಟು ಮುಖಕ್ಕೆ ಹೊಡೆಯುತ್ತಿತ್ತು. ಕೊಟ್ಟಿಗೆ ಎಂದ ಮೇಲೆ ವಾಸನೆ ಇರದೆ ಇನ್ನೇನು ಎಂದುಕೊಂಡೆ.

ಗುಂಡ ಮೊದಲು ಕೆಮ್ಮಿದ್ದು ಹಾಲು ಕುಡಿಯುವಾಗ. ಅವಸರದಲ್ಲಿ ನೆತ್ತಿಗೇರಿತು ಎಂದುಕೊಂಡೆವು. ಮೂಗಿನಲ್ಲಿ ಸಿಂಬಳ ಕಂಡಾಗ ‘ಚಳಿ’ ಎಂದೆವು. ಒಂದು ಕಿವಿ ಜೋತು ಬಿದ್ದಾಗ ಉಣ್ಣೆ ಕಚ್ಚಿರಬೇಕು ಎಂದು ಹುಡುಕಿದೆವು. ಮೂರಕ್ಕೂ ನಮ್ಮ ಬಳಿ ಮೂರು ಬೇರೆ ಬೇರೆ ಉತ್ತರಗಳಿದ್ದವು. ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಡೇರಿಯ ಗೋಡೆಯ ಮೇಲೆ ದನಗಳ ಸಂಚಾರಿ ಚಿಕಿತ್ಸಾ ಸೇವೆಯಾದ ಪಶು ಸಂಜೀವಿನಿಯ 1962 ಸಂಖ್ಯೆ ಬರೆದಿತ್ತು, ದಿನಕ್ಕೆರಡು ಸಲ ಅದರ ಮುಂದೆಯೇ ಕ್ಯಾನು ಹಿಡಿದು ನಿಲ್ಲುತ್ತೇನೆ. ಹಾಲು ಕರೆಯುವ ಹಸುವಾಗಿದ್ದರೆ ಆ ಕ್ಷಣವೇ ಫೋನು ಮಾಡುತ್ತಿದ್ದೆ.

ಅತ್ತೆ ತಮಗೆ ಗೊತ್ತಿದ್ದ ಔಷಧ ಮಾಡಿದರು. ಓಮ, ಮೆಣಸು, ವೀಳ್ಯದೆಲೆ, ಬೆಲ್ಲ ಕುದಿಸಿದ ಕಷಾಯ. ನಾನು ಕರುವಿನ ತಲೆ ಎತ್ತಿ ಹಿಡಿದೆ, ಅವರು ನಾಲಿಗೆ ಪಕ್ಕಕ್ಕೆಳೆದು ಕೊಳವೆಯಂಥ ಗೊಟ್ಟದಲ್ಲಿ ಸುರಿದರು. ಗುಂಡ ಒದ್ದಾಡಿ ಕೆಮ್ಮಿದ. "ಕಫ ಕಿತ್ತು ಬರುತ್ತಿದೆ" ಎಂದರು ಅತ್ತೆ. ಎರಡನೇ ದಿನಕ್ಕೆ ಅವನು ಕುತ್ತಿಗೆ ಮುಂದಕ್ಕೆ ಚಾಚಿ, ಬಾಯಿ ತೆರೆದು ಉಸಿರೆಳೆಯತೊಡಗಿದ. ಮೂರನೇ ದಿನ ಬೆಳಗಿನ ಹಾಲಿಗೆ ಹೋದಾಗ ಮೈ ತಣ್ಣಗಾಗಿತ್ತು.

ಅದೇ ದಿನ ಹಸುವೊಂದಕ್ಕೆ ಗಬ್ಬ ಪರೀಕ್ಷೆ ಮಾಡಲು ಪಶುವೈದ್ಯೆ ಬರುವವರಿದ್ದರು. ಚಿಕ್ಕ ವಯಸ್ಸಿನವರು, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿದವರು. ಗುಂಡನನ್ನು ಗೋಣಿಯಲ್ಲಿ ಸುತ್ತಿಟ್ಟಿದ್ದನ್ನು ನೋಡಿ, "ಅಕ್ಕ, ಹೂಳುವ ಮೊದಲು ಒಮ್ಮೆ ಎದೆ ತೆರೆದು ನೋಡಲೇ?" ಎಂದರು. ಅತ್ತೆಗೆ ಹಿಡಿಸಲಿಲ್ಲ. ಸತ್ತ ಮೇಲೂ ಕೊಯ್ಯಬೇಕೇ ಎಂದು ಒಳಗೆ ಹೋಗಿಬಿಟ್ಟರು. ಡಾಕ್ಟರು ಬೆಳ್ಳಿಯ ಕಡೆ ಕೈ ತೋರಿಸಿ, "ಇನ್ನೊಂದು ಕಟ್ಟಿದೆಯಲ್ಲ, ಅದಕ್ಕಾಗಿ" ಎಂದಾಗ ನಾನು ಒಪ್ಪಿದೆ.

ತೋಟದ ಬದುವಿನಲ್ಲಿ ಕೊಯ್ದರು. ಆರೋಗ್ಯವಾದ ಶ್ವಾಸಕೋಶ ತಿಳಿ ಗುಲಾಬಿ ಬಣ್ಣದ, ಒತ್ತಿದರೆ ಸ್ಪಂಜಿನಂತೆ ಕುಗ್ಗುವ ವಸ್ತುವಂತೆ. ಗುಂಡನದ್ದು ಹಿಂದಿನ ಭಾಗ ಮಾತ್ರ ಹಾಗಿತ್ತು. ಮುಂದಿನ, ಕೆಳಗಿನ ಭಾಗ ಕಡುಕೆಂಪಾಗಿ ಗಟ್ಟಿಯಾಗಿ ಈಲಿಯ (ಲಿವರಿನ) ಹಾಗೆ ಇತ್ತು. ಡಾಕ್ಟರು ಎರಡೂ ಕಡೆಯಿಂದ ಒಂದೊಂದು ಚೂರು ಕತ್ತರಿಸಿ ಬಕೆಟ್ಟಿನ ನೀರಿಗೆ ಹಾಕಿದರು. ಗುಲಾಬಿ ಚೂರು ತೇಲಿತು, ಕೆಂಪು ಚೂರು ಕಲ್ಲಿನಂತೆ ತಳ ಸೇರಿತು. ಗಾಳಿ ಇರಬೇಕಾದ ಜಾಗದಲ್ಲಿ ಕೀವು ತುಂಬಿತ್ತು. ಬಲಗಡೆಯ ಮುಂದಿನ ಹಾಲೆ ಎಲ್ಲಕ್ಕಿಂತ ಹೆಚ್ಚು ಕೆಟ್ಟಿತ್ತು. ದನಗಳಲ್ಲಿ ಗಾಳಿಕೊಳವೆ ಎರಡಾಗಿ ಕವಲೊಡೆಯುವ ಮೊದಲೇ ಆ ಹಾಲೆಗೆಂದೇ ಒಂದು ಕವಲು ಹೊರಡುತ್ತದಂತೆ. ಮೂಗಿನಿಂದ ಇಳಿದು ಬರುವ ರೋಗಾಣುವಿಗೆ ಮೊದಲು ಸಿಗುವ ಬಾಗಿಲು ಅದು.

"ಕಷಾಯ ಪುಪ್ಪುಸಕ್ಕೆ ಹೋಗಿ ಸತ್ತಿತೇ ಮೇಡಂ?" ಎಂದು ಕೇಳಿದೆ. ಒಳಗಿನಿಂದ ಅತ್ತೆ ಕಿವಿಗೊಟ್ಟಿದ್ದಾರೆಂದು ನನಗೆ ಗೊತ್ತಿತ್ತು.

ಅವರು ನೇರವಾಗಿ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಗಟ್ಟಿಯಾದ ಜಾಗ ಎರಡು ಮೂರು ದಿನದ್ದಲ್ಲ, ವಾರಗಳದ್ದು ಎಂದರು. ಆದರೆ ತಲೆ ಎತ್ತಿ ನಾಲಿಗೆ ಎಳೆದು ಗೊಟ್ಟ ಹಾಕಿದರೆ ಕರುವಿಗೆ ನುಂಗಲು ಆಗುವುದಿಲ್ಲ, ದ್ರವ ಸಲೀಸಾಗಿ ಗಾಳಿಕೊಳವೆಗೆ ಇಳಿಯುತ್ತದೆ. ಕುಡಿಸುವಾಗ ಕೆಮ್ಮಿದರೆ ತಕ್ಷಣ ತಲೆ ಬಿಟ್ಟು ಕೆಳಗೆ ಮಾಡಬೇಕು. ನಾವು ಆ ಕೆಮ್ಮನ್ನೇ ಗುಣವೆಂದು ತಿಳಿದಿದ್ದೆವು. ಅವನ ಸಾವಿನಲ್ಲಿ ಗೊಟ್ಟದ ಪಾಲೆಷ್ಟು ಎಂಬುದನ್ನು ನಾನು ಈಗಲೂ ಅಳೆಯಲಾರೆ.

ಆಮೇಲೆ ಬೆಳ್ಳಿಯ ಸರದಿ. ಅದು ಆಗಷ್ಟೇ ಬಾಟಲಿ ಹಾಲು ಖಾಲಿ ಮಾಡಿ ಬಾಲ ಅಲ್ಲಾಡಿಸುತ್ತಿತ್ತು. "ಇದಕ್ಕೇನೂ ಆಗಿಲ್ಲ" ಎಂದೆ. ಡಾಕ್ಟರು ಅದನ್ನು ಮುಟ್ಟುವ ಮೊದಲು ದೂರದಲ್ಲೇ ನಿಂತು ಪಕ್ಕೆ ಏರಿಳಿಯುವುದನ್ನು ಎಣಿಸಿದರು, ನಿಮಿಷಕ್ಕೆ 52. ಆರಾಮವಾಗಿರುವ ಕರು 40ರ ಒಳಗಿರಬೇಕು. ಗುದದಲ್ಲಿಟ್ಟ ಥರ್ಮಾಮೀಟರು 104.2 ತೋರಿಸಿತು. ಕರುವಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, 103 ಮುಟ್ಟಿದರೆ ಅನುಮಾನ ಪಡಬೇಕು. ಒಂದೇ ಹೊಳ್ಳೆಯಲ್ಲಿ ತುಸು ಮಸುಕಾದ ಸಿಂಬಳ. ಗಂಟಲ ಕೆಳಗೆ ಗಾಳಿಕೊಳವೆಯನ್ನು ಮೆಲ್ಲನೆ ಅದುಮಿದಾಗ ಒಂದೇ ಒಂದು ಕೆಮ್ಮು. ಕಣ್ಣು, ಕಿವಿ ಚೆನ್ನಾಗಿದ್ದವು.

ಪರೀಕ್ಷೆಯಲ್ಲಿ ಅಂಕ ಹಾಕುವಂತೆ ಅವರು ಅಂಕ ಹಾಕಿದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಮಾಡಿದ ಪದ್ಧತಿಯಂತೆ. ಜ್ವರಕ್ಕೊಂದು, ಕೆಮ್ಮಿಗೊಂದು, ಮೂಗಿಗೊಂದು. ಕಣ್ಣು ಮತ್ತು ಕಿವಿಯಲ್ಲಿ ಯಾವುದು ಹೆಚ್ಚು ಕೆಟ್ಟಿದೆಯೋ ಅದಕ್ಕೊಂದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು. ಒಟ್ಟು ನಾಲ್ಕಾದರೆ ಕಣ್ಣಿಡಬೇಕು, ಐದಾದರೆ ಕಾಯಿಲೆ ಎಂದೇ ಹಿಡಿಯಬೇಕು. ಬೆಳ್ಳಿಗೆ ಜ್ವರದ್ದು ಮೂರು, ಕೆಮ್ಮಿನದು ಒಂದು, ಮೂಗಿನದು ಒಂದು. ಐದು. ಬಾಲ ಅಲ್ಲಾಡಿಸಿದ್ದಕ್ಕೆ ಅಂಕವಿಲ್ಲ. ಆ ರಾತ್ರಿ ನಿದ್ದೆ ಬರದೆ ನಾನು ಗುಂಡನಿಗೂ ನೆನಪಿನಿಂದಲೇ ಅಂಕ ಹಾಕಿದೆ. ಸಿಂಬಳ ಎರಡು, ತಾನಾಗಿಯೇ ಬರುವ ಕೆಮ್ಮು ಎರಡು, ಜೋತ ಕಿವಿ ಎರಡು. ಥರ್ಮಾಮೀಟರೇ ಇಲ್ಲದೆ ಆರು, ಅದೂ ಅವನು ಸಾಯುವ ಹತ್ತು ದಿನ ಮೊದಲು.

ಗಬ್ಬ ಪರೀಕ್ಷೆಗೆ ತಂದಿದ್ದ ಸ್ಕ್ಯಾನರನ್ನೇ ಅವರು ಬೆಳ್ಳಿಯ ಪಕ್ಕೆಗೂ ಹಿಡಿದರು. ಕೂದಲು ಬೋಳಿಸಲಿಲ್ಲ. ಪಕ್ಕೆಲುಬುಗಳ ನಡುವೆ ಸ್ಪಿರಿಟ್ಟು ಚಿಮುಕಿಸಿ ಒತ್ತಿದರು, ಅಷ್ಟೇ. ಗಾಳಿ ತುಂಬಿದ ಶ್ವಾಸಕೋಶದ ಒಳಗೆ ಸ್ಕ್ಯಾನರಿನ ಶಬ್ದದ ಅಲೆ ಹೋಗುವುದಿಲ್ಲವಾದ್ದರಿಂದ ತೆರೆಯ ಮೇಲೆ ಬಿಳಿ ಗೆರೆಯೊಂದು, ಅದರ ಕೆಳಗೆ ಅದರದೇ ನೆರಳಿನಂತೆ ಸಮಾನಾಂತರ ಗೆರೆಗಳು ಕಾಣುತ್ತವೆ. ರಂಗೋಲಿಗೆ ಎಳೆ ಎಳೆದಂತೆ. ಎಡಗಡೆ ಹಾಗೇ ಇತ್ತು. ಬಲಗಡೆ ಮುಂಗಾಲಿನ ಸಂದಿಗೆ ನೂಕಿ ಹಿಡಿದಾಗ ಎಳೆಗಳು ನಿಂತು ಒಂದು ಬೂದು ತೇಪೆ ಕಂಡಿತು. "ಇಲ್ಲಿ ಗಾಳಿ ಹೋಗಿದೆ, ಈಲಿಯ ಹಾಗೆ ಕಾಣುತ್ತಿದೆ ನೋಡಿ" ಎಂದರು. ಬೆಳಿಗ್ಗೆ ಬಕೆಟ್ಟಿನಲ್ಲಿ ಮುಳುಗಿದ್ದ ಚೂರಿನ ಮರಿ ರೂಪ ಜೀವಂತ ಕರುವಿನೊಳಗೆ ಕುಳಿತಿತ್ತು. ಎಷ್ಟೋ ಕರುಗಳು ಹೊರಗೆ ಏನನ್ನೂ ತೋರಿಸದೆ ಒಳಗೆ ಇಂಥ ತೇಪೆ ಹೊತ್ತು ತಿರುಗುತ್ತವೆಯಂತೆ. ಸ್ಟೆತಾಸ್ಕೋಪು ಇಟ್ಟು ಕೇಳಿದರೂ ಅನೇಕ ಸಲ ತಿಳಿಯುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿ ತನ್ನ ಸೊರಗನ್ನು ತೋರಿಸಿಕೊಳ್ಳುವುದಿಲ್ಲ ಎಂದರು. ಹುಲಿ ಕಾಡಿನಲ್ಲೇ ಉಳಿದು ಎಷ್ಟು ತಲೆಮಾರಾಯಿತೋ, ಕರು ಮಾತ್ರ ಇನ್ನೂ ನಟಿಸುತ್ತಿದೆ.

"ಗಳಲೆ ರೋಗಕ್ಕೆ ಮಳೆಗಾಲದ ಮುಂಚೆ ಎಲ್ಲ ದನಗಳಿಗೂ ಚುಚ್ಚಿಸಿದ್ದೆವಲ್ಲಮ್ಮ?" ಎಂದು ಅತ್ತೆ ಕೊನೆಗೂ ಹೊರಗೆ ಬಂದರು. "ಅಜ್ಜಿ, ಆಗ ಇವು ಹುಟ್ಟಿರಲಿಲ್ಲ. ಹುಟ್ಟಿದ್ದರೂ ಆ ಲಸಿಕೆ ಇದಕ್ಕಲ್ಲ" ಎಂದರು ಡಾಕ್ಟರು. ಕರುಗಳ ನ್ಯುಮೋನಿಯಾ ಒಂದೇ ರೋಗಾಣುವಿನ ಕೆಲಸವಲ್ಲ. ಮೊದಲು ಯಾವುದಾದರೂ ವೈರಸ್ಸು, ಇಲ್ಲವೇ ಗಂಜಲದ ಅಮೋನಿಯ, ಗಾಳಿಕೊಳವೆಯ ಒಳಗೋಡೆಯನ್ನು ಕೆರೆಯುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಕೂದಲುಗಳಿವೆ, ದೂಳು ಕಫವನ್ನೆಲ್ಲ ಮೇಲಕ್ಕೆ ಗುಡಿಸುವ ಪೊರಕೆಗಳು. ಅವು ಮುರಿದರೆ, ಆರೋಗ್ಯವಂತ ಕರುವಿನ ಮೂಗಿನಲ್ಲೇ ಸುಮ್ಮನಿರುವ ಪಾಶ್ಚುರೆಲ್ಲ, ಮ್ಯಾನ್‌ಹೈಮಿಯ, ಮೈಕೋಪ್ಲಾಸ್ಮಗಳಂಥ ಬ್ಯಾಕ್ಟೀರಿಯಾಗಳು ಕೆಳಗಿಳಿದು ಸಂಸಾರ ಹೂಡುತ್ತವೆ. ಅದೂ ಅಲ್ಲದೆ ದನಕ್ಕೆ ದೇಹದ ಗಾತ್ರಕ್ಕೆ ಹೋಲಿಸಿದರೆ ಶ್ವಾಸಕೋಶ ಚಿಕ್ಕದು. ಸ್ವಲ್ಪ ಕೆಟ್ಟರೂ ಉಳಿದದ್ದು ಸಾಲುವುದಿಲ್ಲ.

ನಂತರ ಗಿಣ್ಣಿನ ಪ್ರಶ್ನೆ ಬಂತು. ಹುಟ್ಟಿದ ಎಷ್ಟು ಹೊತ್ತಿಗೆ ಕುಡಿಸಿದಿರಿ ಎಂದು. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ಗೋಡೆ ನೋಡಿದರು. ಮಾಸು ಬೀಳುವ ತನಕ ಗಿಣ್ಣು ಕರೆಯಬಾರದು ಎಂಬುದು ಅವರ ಅತ್ತೆ ಹೇಳಿಕೊಟ್ಟದ್ದು. ಗುಂಡನ ತಾಯಿಗೆ ಮಾಸು ಬೀಳಲು ಏಳೆಂಟು ಗಂಟೆ ಹಿಡಿದಿತ್ತು. ಬೆಳ್ಳಿ ಹುಟ್ಟಿದ ರಾತ್ರಿ ಅವರು ಮದುವೆಗೆಂದು ಚಿಂತಾಮಣಿಗೆ ಹೋಗಿದ್ದರು, ನಾನು ಗಂಟೆಯೊಳಗೆ ಕರೆದು ಕುಡಿಸಿದ್ದೆ. ಕಾರಣ ಶಾಸ್ತ್ರ ಗೊತ್ತಿದ್ದುದಲ್ಲ, ಕರು ಬಾಯಿ ಚಪ್ಪರಿಸುತ್ತಿತ್ತು, ಅಷ್ಟೇ. ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ಹೊಟ್ಟೆಯಲ್ಲಿ ಬರುವುದಿಲ್ಲ, ಗಿಣ್ಣಿನಲ್ಲೇ ಬರಬೇಕು. ಕರುಳು ಅದನ್ನು ಹೀರಿಕೊಳ್ಳುವುದು ಗಂಟೆಗಂಟೆಗೂ ಕುಗ್ಗುತ್ತಾ ದಿನ ತುಂಬುವ ಹೊತ್ತಿಗೆ ಮುಗಿದುಹೋಗುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು, ಮೊದಲ ಕೆಲವು ಗಂಟೆಗಳಲ್ಲೇ. ಮೂವತ್ತು ಕಿಲೋ ಕರುವಿಗೆ ಮೂರು ಲೀಟರು.

ಚಿಕಿತ್ಸೆ ಐದು ದಿನ ನಡೆಯಿತು. ಒಂದು ಆ್ಯಂಟಿಬಯಾಟಿಕ್, ಜ್ವರಕ್ಕೂ ಊತಕ್ಕೂ ಒಂದು ಚುಚ್ಚುಮದ್ದು. ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಕಡೆ ಮೊಬೈಲಿನಲ್ಲಿ ತೋರಿಸಿ ಅಂಗಡಿಯಿಂದ ತಂದು ಚುಚ್ಚುವವರು ಇದ್ದೇ ಇರುತ್ತಾರೆ, ಪ್ರಮಾಣ ಕರುವಿನ ತೂಕದ ಮೇಲೆ ನಿಂತಿರುತ್ತದೆ. ನಾನು ಔಷಧದಂಗಡಿಯಲ್ಲಿ ಮನುಷ್ಯರಿಗೆ ಮಾರುವ ಡಿಜಿಟಲ್ ಥರ್ಮಾಮೀಟರೊಂದನ್ನು ತಂದು, ಅದಕ್ಕೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿದೆ. ಕ್ಲಿಪ್ಪನ್ನು ಬಾಲದ ಕೂದಲಿಗೆ ಹಾಕಿದರೆ ಥರ್ಮಾಮೀಟರು ಒಳಗೆ ಹೋಗಿ ಕಾಣೆಯಾಗುವುದಿಲ್ಲ, ಸಗಣಿಯಲ್ಲೂ ಬೀಳುವುದಿಲ್ಲ. ಬಿಸಿಲೇರುವ ಮೊದಲೇ ನೋಡಬೇಕು, ಮಧ್ಯಾಹ್ನದ ಬಿಸಿಲು ಸುಳ್ಳು ಹೇಳಿಸುತ್ತದೆ. ಹುಳು ಮನೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆಯತೊಡಗಿದೆ: 104.2, 103.6, 102.8, 102.2. ನಾಲ್ಕನೇ ದಿನ ಕರು ಜಿಗಿದಾಡುತ್ತಿತ್ತು. "ಇನ್ನೇಕೆ ಸೂಜಿ?" ಎಂದು ಯಜಮಾನರು ಕೇಳಿದರು. ನನಗೂ ಹಾಗೇ ಅನ್ನಿಸಿತ್ತು. ಬಕೆಟ್ಟಿನ ತಳದ ಚೂರು ನೆನಪಾಗಿ ಐದನೆಯದನ್ನೂ ಹಾಕಿಸಿದೆ.

ಇಷ್ಟು ಸುಲಭದ ಭಾಗ. ಕಷ್ಟವಾದದ್ದು ಟಾರ್ಪಾಲು ಕೀಳುವುದು.

ಡಾಕ್ಟರು ನನ್ನನ್ನು ಬೆಳ್ಳಿ ಮಲಗುವ ಜಾಗದಲ್ಲಿ ಮಂಡಿಯೂರಿಸಿ, ಕರುವಿನ ಮೂಗಿನ ಎತ್ತರಕ್ಕೆ ತಲೆ ತಗ್ಗಿಸಿ ಉಸಿರೆಳೆಯಿರಿ ಎಂದಿದ್ದರು. ನಿಂತಾಗ ಬರೀ ವಾಸನೆಯಾಗಿದ್ದದ್ದು ಅಲ್ಲಿ ಕಣ್ಣಲ್ಲಿ ನೀರು ತರಿಸಿತು. ಎದ್ದಾಗ ಸೀರೆ ಮಂಡಿಯ ಬಳಿ ಒದ್ದೆಯಾಗಿತ್ತು. "ಕರು ಇಡೀ ದಿನ ಇಲ್ಲೇ ಮಲಗಿರುತ್ತದೆ ಅಕ್ಕ" ಎಂದರು. ಚಳಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಒದ್ದೆ ನೆಲ ಮತ್ತು ಸತ್ತ ಗಾಳಿ ಕೊಲ್ಲುತ್ತವೆ. ಹೊಗೆಯಂತೂ ಬೇಡವೇ ಬೇಡ, ಸೊಳ್ಳೆಗೆ ಪರದೆ ಕಟ್ಟಿ ಎಂದರು.

ರಾತ್ರಿ ಊಟಕ್ಕೆ ಕೂತಾಗ ಯಜಮಾನರು ನಕ್ಕುಬಿಟ್ಟರು. "ಚಳಿಗಾಲದಲ್ಲಿ ಕರುವಿಗೆ ಗಾಳಿ ಬಿಡಬೇಕಂತೆ!" ಆಗ ನನಗೆ ಸಿಟ್ಟು ಬಂತು. ಹುಳು ಮನೆಯ ಗೋಡೆಯ ಮೇಲೆ ಉಷ್ಣ, ತೇವ ಎರಡನ್ನೂ ತೋರಿಸುವ ಮಾಪಕ ಇದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಸೆಲ್ಸಿಯಸ್ಸು, ಮುಚ್ಚಿಡಬೇಕು. ನಾಲ್ಕನೇ ಜ್ವರ ಎದ್ದ ಮೇಲೆ 24-25 ಡಿಗ್ರಿ, ತೇವ ಇಳಿಸಬೇಕು, ಕಿಟಕಿ ತೆರೆಯಬೇಕು, ಸುಣ್ಣ ಎರಚಿ ಹಾಸು ಒಣಗಿಸಬೇಕು. ಇಲ್ಲದಿದ್ದರೆ ಹಾಲುತೊಂಡೆ, ಸಪ್ಪೆ ರೋಗ ಬಂದು ಬೆಳೆಯೇ ಹೋಗುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವರೇ ಅವರು. ಹುಳು ಮನೆಯ ಸುತ್ತ ಬೀಡಿ ಸೇದಲು ಬಿಡದ ಮನುಷ್ಯ, ಕೊಟ್ಟಿಗೆಯಲ್ಲಿ ದಿನವೂ ಹೊಗೆ ಹಾಕುತ್ತಿದ್ದರು. "ಇಪ್ಪತ್ತೈದು ದಿನ ಬದುಕುವ ಹುಳುವಿಗೆ ಕಿಟಕಿ ತೆರೆಯುತ್ತೀರಿ, ಹತ್ತು ವರ್ಷ ಕರೆಯಬೇಕಾದ ಕರುವನ್ನು ಟಾರ್ಪಾಲಿನಲ್ಲಿ ಕಟ್ಟಿಹಾಕುತ್ತೀರಿ" ಎಂದೆ. ಅವರು ಮಾತಾಡಲಿಲ್ಲ. ಬೆಳಿಗ್ಗೆ ನೋಡಿದರೆ ಕಿಂಡಿಯ ಗೋಣಿ ಕಿತ್ತಿದ್ದರು. ಟಾರ್ಪಾಲು ಕರುವಿನ ಎತ್ತರದವರೆಗೆ ಮಾತ್ರ, ನೇರ ಗಾಳಿ ಬೀಸುವ ಪೂರ್ವದ ಕಡೆಗಷ್ಟೇ ಉಳಿದಿತ್ತು. ಮೇಲೆ ತೆರೆದಿತ್ತು.

ಹಾಸಿನ ವಿಷಯದಲ್ಲಿ ಜಗಳ ಅತ್ತೆಯೊಡನೆ. ಮಲಗಿದ ಕರುವಿನ ಕಾಲುಗಳು ಮುಚ್ಚಿಹೋಗುವಷ್ಟು ಒಣಹುಲ್ಲು ಹಾಸಿದರೆ ಅದೇ ಅದಕ್ಕೆ ಕಂಬಳಿ ಎಂದಿದ್ದರು ಡಾಕ್ಟರು. ತಿನ್ನುವ ರಾಗಿ ಹುಲ್ಲನ್ನು ಸಗಣಿಗೆ ಹಾಸುವುದು ಅತ್ತೆಗೆ ಅನ್ನ ತುಳಿದಷ್ಟೇ ಪಾಪ. ಬೋರ್‌ವೆಲ್ ಬತ್ತಿದ ವರ್ಷ ಒಂದೊಂದು ಹೊರೆಗೂ ಊರೂರು ತಿರುಗಿದವರು ಅವರು, ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಮೆದೆಯ ತಳದ, ಬೂಸ್ಟು ಹಿಡಿದ ಹುಲ್ಲು ಹಾಸೋಣ ಎಂದು ರಾಜಿಗೆ ಬಂದರು. ಬೂಸ್ಟಿನ ದೂಳು ಶ್ವಾಸಕೋಶಕ್ಕೆ ಇನ್ನೂ ಕೆಟ್ಟದ್ದಂತೆ, ಅದೂ ಆಗಲಿಲ್ಲ. ಕೊನೆಗೆ ಒಳ್ಳೆಯ ಹುಲ್ಲನ್ನೇ ಹಾಸಿ, ಒದ್ದೆಯಾದದ್ದನ್ನು ದಿನವೂ ತಿಪ್ಪೆಗೆ ಹಾಕಿ, ಆ ಗೊಬ್ಬರ ಹಿಪ್ಪುನೇರಳೆಗೆ ಎಂದು ತೀರ್ಮಾನವಾಯಿತು. ಹುಳುವಿಗೆ ಹೋಗುತ್ತದೆ ಎಂದಾಗ ಅತ್ತೆಗೆ ಸಮಾಧಾನ. ನಮ್ಮ ಮನೆಯಲ್ಲಿ ಎಲ್ಲವೂ ಕೊನೆಗೆ ಹುಳುವಿಗೇ.

ಹನ್ನೆರಡನೇ ದಿನ ಬೆಳ್ಳಿ ಮತ್ತೆ ಕೆಮ್ಮಿತು. ನನ್ನ ಎದೆ ಧಸಕ್ಕೆಂದಿತು. ಥರ್ಮಾಮೀಟರು 102.1, ಉಸಿರು 36, ಮೂಗು ಒಣಗಿತ್ತು. ಒಟ್ಟು ಅಂಕ ಐದಕ್ಕಿಂತ ಕಡಿಮೆ. ಫೋನು ಮಾಡಿ ಹೇಳಿದೆ. ಕಾಯಿರಿ, ನಾಳೆಯೂ ನೋಡಿ ಎಂದರು. ಮೊದಲಾಗಿದ್ದರೆ ಗೊಟ್ಟ ಹುಡುಕುತ್ತಿದ್ದೆವು. ಅತ್ತೆ ಅದನ್ನು ಅಟ್ಟಕ್ಕೆ ಹಾಕಿದ್ದರು, ಯಾರೂ ಹೇಳದೆಯೇ. ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ಇನ್ನೊಮ್ಮೆ ಸ್ಕ್ಯಾನು ಮಾಡಿದರು. ಬೂದು ತೇಪೆ ಹೆಬ್ಬೆರಳ ಉಗುರಿನಷ್ಟಾಗಿತ್ತು. ಪೂರ್ತಿ ಹೋಗಿರಲಿಲ್ಲ. ಗಾಯ ಕಲೆಯಾಗಿ ನಿಂತರೆ ಆ ಜಾಗಕ್ಕೆ ಮತ್ತೆ ಗಾಳಿ ಬರುವುದಿಲ್ಲ. ಇಂಥ ಕಡಸುಗಳು ನಿಧಾನವಾಗಿ ಬೆಳೆಯುತ್ತವೆ, ತಡವಾಗಿ ಗಬ್ಬವಾಗುತ್ತವೆ, ಹಾಲೂ ಕಡಿಮೆಯಾಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಈಗ ಬೆಳ್ಳಿಗೆ ಎಂಟು ತಿಂಗಳು. ಪಕ್ಕದ ಮನೆಯಲ್ಲಿ ಅದೇ ವಾರ ಹುಟ್ಟಿದ ಕಡಸಿನ ಎದೆಸುತ್ತಳತೆಗಿಂತ ಇದರದ್ದು ಎಂಟು ಸೆಂಟಿಮೀಟರು ಕಡಿಮೆ. ನಾನೇ ಟೇಪು ಹಿಡಿದು ಅಳೆದೆ. ಇಟ್ಟುಕೊಳ್ಳುವುದೋ ಮಾರುವುದೋ ಎಂಬುದನ್ನು ಗಬ್ಬ ಕಟ್ಟುವ ಹೊತ್ತಿಗೆ ತೀರ್ಮಾನಿಸಬೇಕು ಎಂದು ಯಜಮಾನರು ಹೇಳುತ್ತಲೇ ಇದ್ದಾರೆ. ಕಳೆದ ತಿಂಗಳು ಇನ್ನೊಂದು ಹಸು ಈಯಿತು, ಮತ್ತೆ ಹೋರಿಗರು. ಮಾಸು ಬೀಳುವ ಮೊದಲೇ ಅತ್ತೆ ಚೊಂಬು ಹಿಡಿದು ಗಿಣ್ಣು ಕರೆಯಲು ಕೂತರು. ಅವರಿಗೆ ಅಂಕಿ ಓದಲು ಬಾರದು. ಬೆಳಿಗ್ಗೆ ಥರ್ಮಾಮೀಟರು ‘ಕೀ’ ಎಂದ ಕೂಡಲೇ ನನ್ನ ಮಗನನ್ನು ಹಾಸಿಗೆಯಿಂದ ಎಬ್ಬಿಸಿ ಓದಿಸುತ್ತಾರೆ. ಪುಸ್ತಕದಲ್ಲಿ ಬರೆಯಲು ಹೆಸರು ಬೇಕಲ್ಲ ಎಂದು ಅವನು ಇದಕ್ಕೂ ಗುಂಡ ಎಂದೇ ಬರೆದಿದ್ದಾನೆ. ಅತ್ತೆ ಹಸುಗಳೊಡನೆ ಆಡುವುದೆಲ್ಲ ತೆಲುಗಿನಲ್ಲಿ. ಬೆಳ್ಳಿ ಬಯಲಿನಲ್ಲಿ ಓಡಿ ಬಂದು ಎರಡು ಸಲ ಕೆಮ್ಮಿದರೆ ಅದನ್ನು ತೆಲುಗಿನಲ್ಲೇ ಗದರಿಸಿ, ನೋಡುತ್ತಿರುವ ನೆರೆಯವರಿಗೆ ಮಾತ್ರ ಕನ್ನಡದಲ್ಲಿ "ದೂಳು, ಬರೀ ದೂಳು" ಎನ್ನುತ್ತಾರೆ.